ಮಲೇರಿಯಾ ಪ್ರತಿರೋಧ: ಜನಸಮುದಾಯಗಳ ನಡುವಣ ವ್ಯತ್ಯಾಸ

ಪ್ಲಾಸ್ಮೋಡಿಯಮ್ ಎಂಬ ಏಕಕೋಶ ಪರಾವಲಂಬಿಯಿಂದ ಬರುವ ಮಲೇರಿಯಾ, ಹಳ್ಳಿಯ ಮಾತಿನಲ್ಲಿ ಚಳಿಜ್ವರ, ಎಲ್ಲ ಜನರನ್ನೂ ಒಂದೇ ರೀತಿ ಕಾಡುವುದಿಲ್ಲ. ಅಕ್ಕಪಕ್ಕದಲ್ಲಿದ್ದು ಒಂದೇ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳುವ ಎರಡು ಸಮುದಾಯಗಳ ಪೈಕಿ ಒಂದರ ರಕ್ತದಲ್ಲಿ ಪರಾವಲಂಬಿ ಹೇರಳವಾಗಿ, ಇನ್ನೊಂದರಲ್ಲಿ ವಿರಳವಾಗಿ ಕಂಡ ಉದಾಹರಣೆಗಳಿವೆ. ಕೆಂಪು ರಕ್ತಕಣಗಳ ಆನುವಂಶಿಕ ರಚನೆ, ರೋಗನಿರೋಧಕ ವ್ಯವಸ್ಥೆಯ ಹುಟ್ಟುಗುಣ, ಬಾಲ್ಯದಿಂದ ಎಷ್ಟು ಸಲ ಸೋಂಕು ತಗಲಿದೆ ಎಂಬುದು, ಇವೆಲ್ಲ ಸೇರಿ ಈ ವ್ಯತ್ಯಾಸವನ್ನು ಉಂಟುಮಾಡುತ್ತವೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದೇ ಈ ವಿಷಯದ ಅಧ್ಯಯನದಲ್ಲಿ ಕಷ್ಟದ ಕೆಲಸ. ಕರ್ನಾಟಕದ ಮಟ್ಟಿಗೆ ಚಿತ್ರ ಸಾಕಷ್ಟು ಸ್ಪಷ್ಟವಾಗಿದೆ. ದಕ್ಷಿಣದ ಕಾಡಂಚಿನ ಬುಡಕಟ್ಟುಗಳಲ್ಲಿ ರಕ್ತಕಣದ ವಂಶಗುಣ ಎದ್ದುಕಾಣುತ್ತದೆ. ಉಳಿದ ನಾಡಿನಲ್ಲಿ ಜನರ ಕುಲಕ್ಕಿಂತ ಅವರು ಬಾಳಿದ ನೆಲ, ಅಲ್ಲಿನ ನೀರು, ಅಲ್ಲಿನ ಸೊಳ್ಳೆ ಹೆಚ್ಚು ಲೆಕ್ಕಕ್ಕೆ ಬರುತ್ತವೆ.

ದೇಹದ ಎದುರಾಟ

ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಪರಾವಲಂಬಿ ಮೊದಲು ಪಿತ್ತಜನಕಾಂಗಕ್ಕೆ ಹೋಗಿ ಬಲಿತು, ಆಮೇಲೆ ಕೆಂಪು ರಕ್ತಕಣಗಳನ್ನು ಹೊಕ್ಕು ವೃದ್ಧಿಯಾಗುತ್ತದೆ. ಕಣಗಳು ಒಟ್ಟಿಗೆ ಒಡೆದಾಗ ಚಳಿ, ನಡುಕ, ಜ್ವರ. ಭಾರತದಲ್ಲಿ ಮುಖ್ಯವಾಗಿ ಕಾಣುವುದು ವೈವಾಕ್ಸ್ ಮತ್ತು ಫಾಲ್ಸಿಪಾರಮ್ ಎಂಬ ಎರಡು ಪ್ರಭೇದಗಳು. ವೈವಾಕ್ಸ್ ಪಿತ್ತಜನಕಾಂಗದಲ್ಲಿ ಸುಪ್ತವಾಗಿ ಉಳಿದು ತಿಂಗಳುಗಳ ನಂತರ ಮತ್ತೆ ಏಳಬಲ್ಲದು. ಫಾಲ್ಸಿಪಾರಮ್ ಮಿದುಳಿಗೆ ಅಥವಾ ಗರ್ಭಿಣಿಯ ಮಾಸಿಗೆ ಅಂಟಿಕೊಂಡು ಪ್ರಾಣಕ್ಕೆ ಎರವಾಗಬಲ್ಲದು.

ಕಣ ಒಡೆದಾಗ ಹೊರಬೀಳುವ ಪರಾವಲಂಬಿಯ ವಸ್ತುಗಳಲ್ಲಿ ಜಿಪಿಐ ಎಂಬ ಸಕ್ಕರೆ-ಕೊಬ್ಬಿನ ಅಣುವೂ ಒಂದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಿ. ಚನ್ನೇಗೌಡ ಮತ್ತು ಸಂಗಡಿಗರು ನಡೆಸಿದ ಸಂಶೋಧನೆ ಈ ಅಣುವನ್ನು ನಮ್ಮ ಬಿಳಿ ರಕ್ತಕಣಗಳು ಟಿಎಲ್‌ಆರ್-2 ಎಂಬ ಗ್ರಾಹಕದ ಮೂಲಕ ಗುರುತಿಸಿ ಉರಿಯೂತದ ಸಂಕೇತಗಳನ್ನು ಬಿಡುಗಡೆ ಮಾಡುವುದನ್ನು ತೋರಿಸಿಕೊಟ್ಟಿತು. ಈ ಸಂಕೇತಗಳು ಹದವಾಗಿದ್ದರೆ ಪರಾವಲಂಬಿ ಅಡಗುತ್ತದೆ, ಅತಿಯಾದರೆ ರೋಗಿಯೇ ಕುಸಿಯುತ್ತಾನೆ. ಅದೇ ತಂಡದಲ್ಲಿದ್ದ ರಾಜೇಶ್ವರ ಆಚಾರ್, ಸೋಂಕಿತ ರಕ್ತಕಣಗಳು ಮಾಸಿನ ಯಾವ ವಸ್ತುವಿಗೆ ಅಂಟಿಕೊಳ್ಳುತ್ತವೆ ಎಂಬುದನ್ನು ಗುರುತಿಸಿದ 2000ದ ಪ್ರಬಂಧದ ಮೊದಲ ಲೇಖಕರು. ಮುಂದೆ ಅವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಮಂಗಳೂರಿನ ರೋಗಿಗಳ ಮೇಲೆ ಇದೇ ಜಾಡಿನ ಅಧ್ಯಯನ ಮುಂದುವರಿಸಿದರು.

ಸಿಡುಬು, ದಡಾರದಂತೆ ಮಲೇರಿಯಾ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಎಂಬಂತಿಲ್ಲ. ಫಾಲ್ಸಿಪಾರಮ್ ತಾನು ಹೊಕ್ಕ ರಕ್ತಕಣದ ಮೇಲೆ ಹೊರಗಾಣಿಸುವ ಪ್ರೋಟೀನನ್ನು ಪದೇ ಪದೇ ಬದಲಿಸುತ್ತದೆ. ಅದಕ್ಕಾಗಿಯೇ ಅದರ ಬಳಿ ಸುಮಾರು 60 ವಂಶವಾಹಿಗಳ ಸಂಗ್ರಹವಿದೆ. ಹೀಗಾಗಿ ದೇಹ ಒಂದೊಂದೇ ವೇಷವನ್ನು ಗುರುತು ಹಿಡಿಯುತ್ತ, ಹತ್ತಾರು ಸೋಂಕುಗಳ ನಂತರ ಮಾತ್ರ ರೋಗ ತಡೆಯುವ ಮಟ್ಟಿಗೆ ಬಲಗೊಳ್ಳುತ್ತದೆ. ಆಗಲೂ ಪರಾವಲಂಬಿ ಪೂರ್ತಿ ಹೋಗುವುದಿಲ್ಲ, ರಕ್ತದಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಆಳು ಮಾತ್ರ ಹೊಲಕ್ಕೆ ಹೋಗಿ ಬರುತ್ತಿರುತ್ತಾನೆ. ಮಲೇರಿಯಾ ಸಂಶೋಧಕ ಎಸ್.ಆರ್. ಕ್ರಿಸ್ಟೋಫರ್ಸ್ 1924ರಲ್ಲಿ ಇಂದಿನ ಜಾರ್ಖಂಡಿನ ಸಿಂಗ್‌ಭೂಮ್‌ನ ಆದಿವಾಸಿಗಳ ನಡುವೆ ಕಂಡದ್ದು ಇದನ್ನೇ: ಎಳೆ ಮಕ್ಕಳ ರಕ್ತದಲ್ಲಿ ಪರಾವಲಂಬಿ ತುಂಬಿತ್ತು, ವಯಸ್ಸು ಏರಿದಂತೆ ಇಳಿಯುತ್ತ ಹೋಗಿತ್ತು. ಕಾಡುಜನರಿಗೆ ಚಳಿಜ್ವರ ತಟ್ಟುವುದಿಲ್ಲ ಎಂದು ಎಸ್ಟೇಟು, ಗಣಿಗಳ ಸಾಹೇಬರು ನಂಬಿದ್ದ ಕಾಲ ಅದು. ಆದಿವಾಸಿ ವಯಸ್ಕರ ಆರೋಗ್ಯಕ್ಕೆ ಬೆಲೆ ತೆತ್ತವರು ಅವರ ಮಕ್ಕಳು, ಎಷ್ಟೋ ಮಕ್ಕಳು ಆ ವಯಸ್ಸನ್ನು ಮುಟ್ಟಲೇ ಇಲ್ಲ ಎಂಬುದನ್ನು ಈ ನಂಬಿಕೆ ಮರೆಮಾಚಿತು.

ಫುಲಾನಿಗಳು

ಸೋಂಕಿನ ಅನುಭವ ಒಂದೇ ಇದ್ದರೂ ರೋಗನಿರೋಧಕ ಪ್ರತಿಕ್ರಿಯೆ ಬೇರೆಯಾಗಬಲ್ಲದು ಎನ್ನುವುದಕ್ಕೆ ಜಗತ್ತಿನಲ್ಲಿ ಸಿಕ್ಕಿರುವ ಅತ್ಯಂತ ಗಟ್ಟಿ ನಿದರ್ಶನ ಪಶ್ಚಿಮ ಆಫ್ರಿಕದ ಫುಲಾನಿಗಳದು. ದನಕರು ಸಾಕುವ ಈ ಜನ ಬುರ್ಕಿನಾ ಫಾಸೊ ದೇಶದಲ್ಲಿ ಮೊಸಿ ಮತ್ತು ರಿಮೈಬೆ ಎಂಬ ಬೇಸಾಯಗಾರ ಸಮುದಾಯಗಳ ಅಕ್ಕಪಕ್ಕದಲ್ಲೇ ಬಾಳುತ್ತಾರೆ. ಡೇವಿಡ್ ಮೊದಿಯಾನೊ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸೊಳ್ಳೆಯ ಕಾಟ ಮೂವರಿಗೂ ಹೆಚ್ಚುಕಡಿಮೆ ಒಂದೇ. ಆದರೂ ಫುಲಾನಿಗಳ ರಕ್ತದಲ್ಲಿ ಪರಾವಲಂಬಿ ಕಡಿಮೆ, ಜ್ವರದ ಸರದಿಗಳು ಕಡಿಮೆ, ಪ್ರತಿಕಾಯಗಳು ಮಾತ್ರ ಬಹಳ ಹೆಚ್ಚು.

ಈ ಅಧ್ಯಯನದಲ್ಲಿ ರಿಮೈಬೆಗಳ ಸ್ಥಾನ ವಿಶೇಷವಾದುದು. ಇವರು ಹಿಂದೆ ಫುಲಾನಿಗಳ ಜೀತದಾಳುಗಳಾಗಿದ್ದವರು. ಭಾಷೆ, ನಡೆನುಡಿ ಫುಲಾನಿಗಳದೇ. ಆದರೆ ವಂಶದಲ್ಲಿ ಅವರು ಮೊಸಿಗಳಿಗೆ ಹತ್ತಿರ. ಮಲೇರಿಯಾ ಎದುರಿಸುವ ರೀತಿಯಲ್ಲೂ ರಿಮೈಬೆಗಳು ಮೊಸಿಗಳಂತೆಯೇ ಇದ್ದರು. ಊಟ ಉಡುಗೆ ಸಂಪ್ರದಾಯಗಳಿಂದ ಈ ವ್ಯತ್ಯಾಸ ಬಂದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ. ಹಾಗಾದರೆ ರಕ್ತಕಣದ ಗುಣವೇ? ಅದೂ ಅಲ್ಲ. ಮಲೇರಿಯಾದಿಂದ ಕಾಪಾಡುವ ಸಿಕಲ್ ಹೀಮೋಗ್ಲೋಬಿನ್, ಹೀಮೋಗ್ಲೋಬಿನ್-ಸಿ, ಜಿ6ಪಿಡಿ ಕಿಣ್ವದ ಕೊರತೆ ಎಂಬ ರಕ್ತಕಣದ ಗುಣಗಳು ಫುಲಾನಿಗಳಲ್ಲಿ ನೆರೆಯವರಿಗಿಂತ ಕಡಿಮೆಯೇ ಇವೆ. ಉಳಿಯುವುದು ರೋಗನಿರೋಧಕ ವ್ಯವಸ್ಥೆ. ಅದಕ್ಕೆ ಲಗಾಮು ಹಾಕುವ ನಿಯಂತ್ರಕ ಟಿ-ಕಣಗಳ ಕೆಲಸ ಫುಲಾನಿಗಳಲ್ಲಿ ದುರ್ಬಲವಾಗಿದೆ ಎಂದು 2008ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ಲಗಾಮು ಸಡಿಲವಾದ ಕಾರಣ ಪ್ರತಿಕ್ರಿಯೆ ಬಿರುಸಾಗಿರುತ್ತದೆ, ಪರಾವಲಂಬಿ ಬೇಗ ಅಡಗುತ್ತದೆ. ಆದರೆ ಇದು ಪುಕ್ಕಟೆಯಲ್ಲ. ಫುಲಾನಿ ಮಕ್ಕಳ ಗುಲ್ಮ ನೆರೆಯ ಮಕ್ಕಳದಕ್ಕಿಂತ ಹೆಚ್ಚಾಗಿ ಊದಿಕೊಂಡಿರುತ್ತದೆ. ಮಾಲಿ ದೇಶದಲ್ಲಿ ಫುಲಾನಿ ಮತ್ತು ದೋಗೊನರ ನಡುವೆ, ಸುಡಾನಿನಲ್ಲಿ ಫುಲಾನಿ ಮತ್ತು ಮಸಾಲಿತರ ನಡುವೆಯೂ ಇದೇ ಬಗೆಯ ಅಂತರ ಕಂಡಿದೆ.

ಇಷ್ಟು ಸ್ಪಷ್ಟವಾದ ಉದಾಹರಣೆ ಫುಲಾನಿಗಳ ಆಚೆಗೆ ಅಪರೂಪ. ಅದನ್ನೇ ಅಳತೆಗೋಲಾಗಿಟ್ಟು ಪ್ರತಿ ಜಾತಿ, ಪ್ರತಿ ಬುಡಕಟ್ಟಿಗೂ ಒಂದೊಂದು ಪ್ರತ್ಯೇಕ ರೋಗನಿರೋಧಕ ಶಕ್ತಿ ಇದೆಯೆಂದು ಊಹಿಸುವುದು ತಪ್ಪು.

ರಕ್ತಕಣದ ವಂಶಗುಣ

ಸಮುದಾಯಗಳ ನಡುವಿನ ಅಂತರಗಳಲ್ಲಿ ಹೆಚ್ಚಿನವು ನಿಜಕ್ಕೂ ಪ್ರತಿಕಾಯಗಳದಲ್ಲ, ಕೆಂಪು ರಕ್ತಕಣಗಳದು. ಮೆಡಿಟರೇನಿಯನ್ ಸುತ್ತ ಥಲಸೀಮಿಯಾ ಎಂಬ ಆನುವಂಶಿಕ ರಕ್ತರೋಗ ಅಷ್ಟು ಹೆಚ್ಚಾಗಿರುವುದಕ್ಕೆ ಮಲೇರಿಯಾವೇ ಕಾರಣವಿರಬೇಕು ಎಂದು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲಿ ಸೂಚಿಸಿದರು. 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಸಿಕಲ್ ಗುಣಕ್ಕೂ ಮಲೇರಿಯಾಕ್ಕೂ ಇರುವ ನಂಟನ್ನು ತೋರಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಸಿಕಲ್ ವಂಶವಾಹಿ ಪಡೆದವರು ಆರೋಗ್ಯವಾಗಿದ್ದು ತೀವ್ರ ಫಾಲ್ಸಿಪಾರಮ್ ಮಲೇರಿಯಾದಿಂದ ಬಹುಮಟ್ಟಿಗೆ ಪಾರಾಗುತ್ತಾರೆ. ಇಬ್ಬರಿಂದಲೂ ಪಡೆದ ಮಗು ಕುಡುಗೋಲಿನಂತೆ ಬಾಗಿದ ರಕ್ತಕಣಗಳಿಂದ ಜೀವಮಾನವಿಡೀ ನೋವು, ರಕ್ತಹೀನತೆ ಅನುಭವಿಸುತ್ತದೆ.

ಭಾರತದಲ್ಲಿ ಈ ಗುಣ ಮೊದಲು ಬೆಳಕಿಗೆ ಬಂದ ಜಾಗಗಳಲ್ಲಿ ನಮ್ಮ ಗಡಿಯ ನೀಲಗಿರಿಯೂ ಒಂದು. ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಶ್ 1952ರಲ್ಲಿ ಅಲ್ಲಿಯ ಜನರ ರಕ್ತ ಪರೀಕ್ಷಿಸಿ ವರದಿ ಮಾಡಿದರು. ತಪ್ಪಲಿನ ಕಾಡುಗಳ ಇರುಳರು, ಪಣಿಯರಲ್ಲಿ ಸಿಕಲ್ ಗುಣ ಹೆಚ್ಚು. ತಂಪಾದ ಬೆಟ್ಟದ ನೆತ್ತಿಯಲ್ಲಿರುವ ತೋಡರಲ್ಲಿ ತೀರ ಕಡಿಮೆ. ಕನ್ನಡಕ್ಕೆ ಹತ್ತಿರದ ಭಾಷೆಯಾಡುವ ಬಡಗರಲ್ಲೂ ತಪ್ಪಲಿನವರಿಗಿಂತ ಕಡಿಮೆ. ಮಲೇರಿಯಾ ಎಲ್ಲಿ ತಲೆತಲಾಂತರದಿಂದ ಕಾಡಿತ್ತೋ ಅಲ್ಲಿ ಆ ಗುಣ ಉಳಿದಿದೆ. 1940ರ ದಶಕದಲ್ಲಿ ತಿರುವಾಂಕೂರಿನಿಂದ ವಯನಾಡಿಗೆ ಬಂದು ಕಾಡು ಕಡಿದು ನೆಲೆಸಿದ ರೈತರು ಚಳಿಜ್ವರಕ್ಕೆ ಸಾಲುಸಾಲಾಗಿ ಬಲಿಯಾದರು. ಅದೇ ಕಾಡಿನಲ್ಲಿ ಪಣಿಯರು ಬಾಳುತ್ತ ಬಂದಿದ್ದರು. ರಕ್ತಕಣದ ಗುಣ, ಬಾಲ್ಯದಿಂದ ಪಡೆದ ನಿರೋಧ, ಎರಡೂ ಅವರ ಬೆನ್ನಿಗಿದ್ದವು.

ಕರ್ನಾಟಕದಲ್ಲಿ ಸಿಕಲ್ ಸೆಲ್ ರೋಗ ಮುಖ್ಯವಾಗಿ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗರು, ಜೇನುಕುರುಬರು, ಯರವರು ಮೊದಲಾದ ಬುಡಕಟ್ಟುಗಳಲ್ಲಿ ಕಾಣುತ್ತದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ರೋಗದ ಪತ್ತೆ ಮತ್ತು ಆರೈಕೆಯಲ್ಲಿ ತೊಡಗಿಕೊಂಡಿದೆ. ಭಾರತದ ಬುಡಕಟ್ಟುಗಳ ಸಿಕಲ್ ವಂಶವಾಹಿ ಆಫ್ರಿಕದ್ದಕ್ಕಿಂತ ಬೇರೆ ಹಿನ್ನೆಲೆಯದು. ಇದನ್ನು ಹೊತ್ತವರಲ್ಲಿ ಭ್ರೂಣಾವಸ್ಥೆಯ ಹೀಮೋಗ್ಲೋಬಿನ್ ಹೆಚ್ಚು ಉಳಿದಿರುವುದರಿಂದ ರೋಗ ಎಷ್ಟೋ ವೇಳೆ ಸೌಮ್ಯವಾಗಿರುತ್ತದೆ. ಸೌಮ್ಯ ಎಂದರೆ ನಿರಪಾಯ ಎಂದಲ್ಲ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2047ರ ಒಳಗೆ ಈ ರೋಗವನ್ನು ತೊಡೆಯುವ ಗುರಿ ಇಟ್ಟುಕೊಂಡಿದೆ, 40 ವರ್ಷದೊಳಗಿನ 7 ಕೋಟಿ ಜನರ ರಕ್ತಪರೀಕ್ಷೆ ಅದರ ಭಾಗ. ಮಲೇರಿಯಾ ಹಿಂದೆ ಸರಿದ ಕಾಡುಗಳಲ್ಲಿ ಇಂದು ಆ ವಂಶಗುಣದ ಲಾಭ ಇಲ್ಲವಾಗಿದೆ, ನೋವು ಮಾತ್ರ ಉಳಿದಿದೆ.

ನೇಪಾಳದ ತೆರಾಯ್ ಕಾಡುಗಳ ಥಾರು ಜನರ ಕಥೆಯೂ ಇಂಥದೇ. ಅಲ್ಲಿ ನೆರೆಯ ಸಮುದಾಯಗಳಿಗಿಂತ ಥಾರುಗಳಲ್ಲಿ ಮಲೇರಿಯಾ ಸುಮಾರು 7 ಪಟ್ಟು ಕಡಿಮೆ ಕಂಡಿತ್ತು. ಬಹುತೇಕ ಎಲ್ಲ ಥಾರುಗಳಲ್ಲೂ ಆಲ್ಫಾ ಥಲಸೀಮಿಯಾದ ವಂಶವಾಹಿ ಇರುವುದು 1991ರಲ್ಲಿ ವರದಿಯಾಯಿತು.

ವೈವಾಕ್ಸ್ ಪರಾವಲಂಬಿ ರಕ್ತಕಣದೊಳಗೆ ಹೋಗುವುದು ಡಫಿ ಎಂಬ ಪ್ರೋಟೀನಿನ ಬಾಗಿಲಿನಿಂದ. ಪಶ್ಚಿಮ ಆಫ್ರಿಕದ ಬಹುಪಾಲು ಜನರ ರಕ್ತಕಣಗಳಲ್ಲಿ ಡಫಿ ಇಲ್ಲ, ಆದ್ದರಿಂದ ಅಲ್ಲಿ ವೈವಾಕ್ಸ್ ವಿರಳ. ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು ಇದನ್ನು 1976ರಲ್ಲಿ ಸ್ಥಾಪಿಸಿದರು. 2010ರಲ್ಲಿ ಮಡಗಾಸ್ಕರ್‌ನಲ್ಲಿ ಡಫಿ ಇಲ್ಲದವರಿಗೂ ವೈವಾಕ್ಸ್ ತಗಲಿದ್ದು ಕಂಡುಬಂದ ಮೇಲೆ ಈ ರಕ್ಷಣೆ ಪೂರ್ಣವಲ್ಲ ಎಂದು ತಿಳಿಯಿತು. ಭಾರತೀಯರಲ್ಲಿ ಡಫಿ ಬಹುತೇಕ ಎಲ್ಲರಿಗೂ ಇದೆ, ಜಾತಿ ಯಾವುದಾದರೂ ವೈವಾಕ್ಸ್‌ಗೆ ಬಾಗಿಲು ತೆರೆದೇ ಇದೆ.

ಲೋಕಿಕೆರೆಯಂಥ ಬಯಲು

ಕಾಡಂಚಿನ ಬುಡಕಟ್ಟುಗಳಿಂದ ಬಯಲಿಗೆ ಬಂದರೆ ಚಿತ್ರ ಬೇರೆ. ದಾವಣಗೆರೆ ತಾಲ್ಲೂಕಿನ ಲೋಕಿಕೆರೆ ಅಂಥ ಬಯಲುಸೀಮೆಯ ಊರು. ಭದ್ರಾ ಜಲಾಶಯದ ಅಚ್ಚುಕಟ್ಟಿನ ಈ ಸೀಮೆಯ ಹಳ್ಳಿಗಳಲ್ಲಿ ಲಿಂಗಾಯತರು, ಕುರುಬರು, ನಾಯಕರು, ಲಂಬಾಣಿಗರು, ಮಾದಿಗರು, ಮುಸ್ಲಿಮರು ಒಟ್ಟಿಗೇ ಬಾಳುತ್ತಾರೆ. ಮಲೇರಿಯಾ ಎದುರಿಸುವ ಶಕ್ತಿಯನ್ನು ಇಲ್ಲಿ ಜಾತಿವಾರು ಹಂಚಲು ಹೊರಟರೆ ಏನೂ ಸಿಗುವುದಿಲ್ಲ. ಈ ಸೀಮೆಯ ಸೊಳ್ಳೆಯನ್ನು ನೋಡಿದರೆ ಬಹಳಷ್ಟು ಸಿಗುತ್ತದೆ.

ಬಯಲಿನ ಹಳ್ಳಿಗಳಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಕುಲಿಸಿಫೇಸಿಸ್. ಬಾವಿ, ನಾಲೆಯ ಅಂಚು, ಗದ್ದೆಯ ನೀರು ಇದರ ಹುಟ್ಟುತಾಣ. ಆದರೆ ಇದಕ್ಕೆ ಮನುಷ್ಯನಿಗಿಂತ ದನದ ರಕ್ತ ಇಷ್ಟ. ಕೊಟ್ಟಿಗೆಯಲ್ಲಿ ಎಮ್ಮೆ, ಎತ್ತು ಇರುವ ಊರಿನಲ್ಲಿ ಇದರ ಹೆಚ್ಚಿನ ಕಡಿತ ಅವುಗಳಿಗೇ. ಹಾಗಾಗಿ ಇಲ್ಲಿ ಮಲೇರಿಯಾ ವರ್ಷವಿಡೀ ನಿಂತು ಕಾಡುವುದಿಲ್ಲ. ಮಳೆ ಚೆನ್ನಾದ ವರ್ಷ ಏರುತ್ತದೆ, ಬರದ ವರ್ಷ ಇಳಿಯುತ್ತದೆ. ಜಾರ್ಜ್ ಮ್ಯಾಕ್‌ಡೊನಾಲ್ಡ್ 1957ರ ತಮ್ಮ ಗ್ರಂಥದಲ್ಲಿ ಇಂಥದನ್ನು ಅಸ್ಥಿರ ಮಲೇರಿಯಾ ಎಂದು ಕರೆದರು. ಆಫ್ರಿಕದ ಅನಾಫಿಲಿಸ್ ಗ್ಯಾಂಬಿಯೆ ಮನುಷ್ಯನನ್ನೇ ಹುಡುಕಿ ಕಚ್ಚುವಂಥದು, ಆಯಸ್ಸೂ ಹೆಚ್ಚು. ಅಲ್ಲಿ ಮಲೇರಿಯಾ ಸ್ಥಿರ, ಬದುಕುಳಿದ ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಗಟ್ಟಿ ನಿರೋಧ ಬೆಳೆಸಿಕೊಂಡಿರುತ್ತಾರೆ. ನಮ್ಮ ಬಯಲಿನಲ್ಲಿ ಹತ್ತಾರು ವರ್ಷ ಸೋಂಕೇ ಕಾಣದೆ ಬೆಳೆದವರಿಗೆ ಅಂಥ ನಿರೋಧ ಬರುವ ದಾರಿಯೇ ಇಲ್ಲ. ಹೀಗಾಗಿ ಇಲ್ಲಿ ರೋಗ ಎದ್ದಾಗ ಮಗು ಮುದುಕ ಎನ್ನದೆ ಎಲ್ಲರನ್ನೂ ಮಲಗಿಸುತ್ತದೆ. ಒಬ್ಬ ಕನ್ನಡಿಗನ ದೇಹಕ್ಕೂ ಒಬ್ಬ ಆಫ್ರಿಕದವನ ದೇಹಕ್ಕೂ ನಡುವೆ ಕಾಣುವ ವ್ಯತ್ಯಾಸದ ದೊಡ್ಡ ಪಾಲು ಈ ಎರಡು ಸೊಳ್ಳೆಗಳ ವ್ಯತ್ಯಾಸ.

ನಾಲೆಯ ನೀರು ಮತ್ತು ಚಳಿಜ್ವರದ ನಂಟು ಹಳೆಯದು. 1840ರ ದಶಕದಲ್ಲೇ ಟಿ.ಇ. ಡೆಂಪ್‌ಸ್ಟರ್ ಉತ್ತರ ಭಾರತದ ನಾಲೆಗಳ ಬದಿಯ ಹಳ್ಳಿಗಳಲ್ಲಿ ಮಕ್ಕಳ ಹೊಟ್ಟೆ ಮುಟ್ಟಿ, ಊದಿದ ಗುಲ್ಮ ಎಷ್ಟು ಜನರಿಗಿದೆ ಎಂದು ಎಣಿಸಿ ಮಲೇರಿಯಾವನ್ನು ಅಳೆದರು. ಪ್ರಯೋಗಾಲಯವಿಲ್ಲದ ಊರಲ್ಲೂ ಕೈಯಿಂದಲೇ ಮಾಡಬಹುದಾದ ಈ ಎಣಿಕೆ ನೂರು ವರ್ಷ ಬಳಕೆಯಲ್ಲಿತ್ತು. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದಾಗ ಅಲ್ಲಿ ಮಲೇರಿಯಾ ಎದ್ದಿತು. ಅದನ್ನು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅಧ್ಯಯನ ಮಾಡಿತು. ಸಂಸ್ಥಾನದ ಮಲೇರಿಯಾ ಅಧ್ಯಯನ ಕೇಂದ್ರಗಳು ಮಲೆನಾಡಿನ ಮೂಡಿಗೆರೆ, ಬಯಲಿನ ಹಿರಿಯೂರು ಮತ್ತು ಶ್ರೀರಂಗಪಟ್ಟಣದ ಬಳಿಯ ನಗೆನಹಳ್ಳಿಯಲ್ಲಿದ್ದವು.

ಮೂಡಿಗೆರೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಮಲೆನಾಡಿನ ಹರಿವ ಹಳ್ಳಗಳಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಮನುಷ್ಯನನ್ನೇ ಬಯಸುವ ಸಮರ್ಥ ವಾಹಕ. ಆಗಿನ ಕಡೂರು (ಇಂದಿನ ಚಿಕ್ಕಮಗಳೂರು), ಶಿವಮೊಗ್ಗ ಜಿಲ್ಲೆಗಳ ಮಲೆನಾಡು ತಾಲ್ಲೂಕುಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜನಸಂಖ್ಯೆ ಇಳಿಯಲು ಈ ಜ್ವರ ಒಂದು ಮುಖ್ಯ ಕಾರಣ. ಬಯಲಿನಿಂದ ಘಟ್ಟಕ್ಕೆ ಕೂಲಿಗೆ ಹೋದವರು ಗುಲ್ಮ ಊದಿಸಿಕೊಂಡು, ಬಿಳಿಚಿಕೊಂಡು ಊರಿಗೆ ಮರಳುತ್ತಿದ್ದರು. ಮಲೆನಾಡಿನವನ ಮತ್ತು ಬಯಲಿನವನ ಕುಲ, ಭಾಷೆ ಒಂದೇ ಆಗಿದ್ದರೂ ಜ್ವರ ಇಬ್ಬರಿಗೂ ಒಂದೇ ಆಗಿರಲಿಲ್ಲ.

ಕುಲಕ್ಕಿಂತ ಸೋಂಕಿನ ಅನುಭವ ಎಷ್ಟು ಮುಖ್ಯ ಎಂಬುದನ್ನು ಇಂಡೋನೇಷ್ಯಾದಲ್ಲಿ ಅಳೆದು ನೋಡಿದವರಿದ್ದಾರೆ. ಮಲೇರಿಯಾ ಅಷ್ಟಾಗಿ ಕಾಣದ ಜಾವಾದಿಂದ ಸರ್ಕಾರ 1980ರ ದಶಕದಲ್ಲಿ ಸಾವಿರಾರು ಕುಟುಂಬಗಳನ್ನು ಮಲೇರಿಯಾಪೀಡಿತ ಪಶ್ಚಿಮ ಪಾಪುವಾಕ್ಕೆ ಸಾಗಿಸಿತು. ಕೆವಿನ್ ಬೇರ್ಡ್ ಮತ್ತು ಸಂಗಡಿಗರು ಕಂಡಂತೆ, ಸುಮಾರು ಎರಡು ವರ್ಷಗಳಲ್ಲಿ ಜಾವಾದ ವಯಸ್ಕರ ನಿರೋಧ ಹುಟ್ಟಿನಿಂದ ಅಲ್ಲೇ ಇದ್ದ ಪಾಪುವಾದ ವಯಸ್ಕರ ಮಟ್ಟದ ಹತ್ತಿರಕ್ಕೆ ಬಂತು. ಜಾವಾದ ಮಕ್ಕಳು ಹಿಂದೆ ಬಿದ್ದರು. ಮೊದಲ ವರ್ಷ ನೋಡಿದವರಿಗೆ ಜನಾಂಗದ ಅಂತರವೆಂದು ತೋರಿದ್ದು ಬಹುಪಾಲು ವಯಸ್ಸು ಮತ್ತು ಸೋಂಕಿನ ಲೆಕ್ಕವಾಗಿತ್ತು. ಮಡಗಾಸ್ಕರ್ ಎತ್ತರ ಪ್ರದೇಶದಲ್ಲಿ ಹತೋಟಿಗೆ ಬಂದಿದ್ದ ಮಲೇರಿಯಾ 1980ರ ದಶಕದ ಕೊನೆಗೆ ಮರುಕಳಿಸಿದಾಗ, ದಶಕಗಳ ಹಿಂದೆ ಸೋಂಕು ಕಂಡಿದ್ದ ಹಿರಿಯರು ಕಿರಿಯರಿಗಿಂತ ಚೆನ್ನಾಗಿ ತಡೆದುಕೊಂಡರು.

ಮಂಗಳೂರು

ಕರ್ನಾಟಕದಲ್ಲಿ ಈ ವಿಷಯ ಇತ್ತೀಚೆಗೆ ಅತಿ ಹೆಚ್ಚು ಅಧ್ಯಯನವಾಗಿರುವುದು ಮಂಗಳೂರಿನಲ್ಲಿ. 1990ರ ದಶಕದಿಂದ ನಗರದಲ್ಲಿ ಮಲೇರಿಯಾ ಬೇರುಬಿಟ್ಟಿತು. ಇಲ್ಲಿಯ ವಾಹಕ ಅನಾಫಿಲಿಸ್ ಸ್ಟೀಫೆನ್ಸಿ, ತೊಟ್ಟಿ, ಟ್ಯಾಂಕು, ಕಟ್ಟುತ್ತಿರುವ ಕಟ್ಟಡದ ನಿಂತ ನೀರಿನಲ್ಲಿ ಹುಟ್ಟುವಂಥದು. ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಬಂದು ಆ ಕಟ್ಟಡದಲ್ಲೇ ಮಲಗುವ ಕೂಲಿಕಾರರು ಹೆಚ್ಚಾಗಿ ಬಳಲಿದರು. ಆಚಾರ್, ಚನ್ನೇಗೌಡ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ರೋಗಿಗಳ ರಕ್ತದಲ್ಲಿ ಟಿಎನ್‌ಎಫ್-ಆಲ್ಫಾ, ಐಎಲ್-6, ಐಎಲ್-10 ಎಂಬ ಸಂಕೇತವಸ್ತುಗಳು ಏರಿರುವುದೂ ಪ್ಲೇಟ್‌ಲೆಟ್‌ಗಳ ಕುಸಿತಕ್ಕೂ ಅವಕ್ಕೂ ನಂಟಿರುವುದೂ ಕಂಡಿತು. ನಿರೋಧವಿಲ್ಲದ ದೇಹ ಮಲೇರಿಯಾವನ್ನು ಎದುರಿಸುವ ಬಗೆ ಇದು. 2015ರ ಅಕ್ಟೋಬರ್‌ನಲ್ಲಿ ನಗರಪಾಲಿಕೆಯ ಸಿಬ್ಬಂದಿಗೆ ಟ್ಯಾಬ್ಲೆಟ್ ಕೊಟ್ಟು, ಪ್ರತಿ ರೋಗಿಯ ಮನೆ, ಸುತ್ತಲಿನ ಸೊಳ್ಳೆತಾಣ, ಚಿಕಿತ್ಸೆ ಮುಗಿಯಿತೇ ಎಂಬುದನ್ನೆಲ್ಲ ದಾಖಲಿಸುವ ವ್ಯವಸ್ಥೆ ಬಂದ ಮೇಲೆ ಪ್ರಕರಣಗಳು ಗಣನೀಯವಾಗಿ ಇಳಿದವು. ಬಯಲಿನಲ್ಲೂ ಗೆಲುವು ಬಂದದ್ದು ಸೊಳ್ಳೆತಾಣಗಳ ಮೇಲೆ ಕಣ್ಣಿಟ್ಟಾಗಲೇ. ಕೋಲಾರ ಜಿಲ್ಲೆಯ ಕಾಮಸಮುದ್ರಂ ಭಾಗದಲ್ಲಿ ರೇಷ್ಮೆಹುಳುಗಳಿಗೆ ಹಾನಿಯೆಂದು ಮನೆಗೆ ಔಷಧಿ ಸಿಂಪಡಿಸಲು ಜನ ಒಪ್ಪದಿದ್ದಾಗ, ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕ ಬಾವಿ, ಕುಂಟೆಗಳಿಗೆ ಗಪ್ಪಿ ಮತ್ತು ಗಾಂಬೂಸಿಯಾ ಮೀನು ಬಿಟ್ಟು ಸೊಳ್ಳೆಮರಿಗಳನ್ನು ತಿನ್ನಿಸಿತು.

ಚಿಕಿತ್ಸೆಯಲ್ಲಿ

ವಂಶಗುಣದ ಪ್ರಶ್ನೆ ಇಂದು ನೇರವಾಗಿ ಮುಖ್ಯವಾಗುವುದು ಒಂದು ಮಾತ್ರೆಯ ವಿಷಯದಲ್ಲಿ. ವೈವಾಕ್ಸ್ ಮರುಕಳಿಸದಂತೆ ಪಿತ್ತಜನಕಾಂಗದಿಂದ ಅದನ್ನು ಕೀಳಲು 14 ದಿನ ಪ್ರಿಮಾಕ್ವಿನ್ ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆದುಹಾಕಬಲ್ಲದು. ಈ ಕೊರತೆಯೂ ಮಲೇರಿಯಾ ಬಿಟ್ಟುಹೋದ ಗುರುತೇ. ಕಾರಣವಾದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡಸರಲ್ಲಿ ಹೆಚ್ಚು ಪ್ರಕಟವಾಗುತ್ತದೆ. ಭಾರತದಲ್ಲಿ ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ ಎಂಬ ಮೂರು ರೂಪಗಳು ಮುಖ್ಯ. ಒರಿಸ್ಸಾ ರೂಪ ಬುಡಕಟ್ಟುಗಳಲ್ಲಿ ಹೆಚ್ಚು. ಯಾವ ಸಮುದಾಯದಲ್ಲಿ ಎಷ್ಟು ಎಂಬ ಸರಾಸರಿ ಎದುರಿಗೆ ಕುಳಿತ ರೋಗಿಗೆ ಕೊರತೆ ಇದೆಯೋ ಇಲ್ಲವೋ ಹೇಳುವುದಿಲ್ಲ. ಅದನ್ನು ಹೇಳುವುದು ಅವನ ರಕ್ತಪರೀಕ್ಷೆ. ಸಿಕಲ್ ಗುಣದ ವಿಷಯದಲ್ಲೂ ಅಷ್ಟೇ.

2016ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಚೌಕಟ್ಟಿನ ಪ್ರಕಾರ 2030ರ ಹೊತ್ತಿಗೆ ಭಾರತ ಮಲೇರಿಯಾಮುಕ್ತವಾಗಬೇಕು. ರೋಗ ಕಡಿಮೆಯಾದಷ್ಟೂ ನಿರೋಧವೂ ಕಡಿಮೆಯಾಗುತ್ತದೆ. ಮಲೇರಿಯಾ ವಿರಳವಾಗಿರುವ ದಾವಣಗೆರೆ, ಹರಿಹರ ಸೀಮೆಯಲ್ಲಿ ಈಗ ಯಾವ ಜಾತಿಯವರಿಗೂ ಆ ನಿರೋಧ ಉಳಿದಿಲ್ಲ. ಹಾಗಾಗಿ ಮಂಗಳೂರು, ಗೋವಾ ಅಥವಾ ಹೊರರಾಜ್ಯದ ಕೆಲಸದಿಂದ ಮರಳಿದವರಿಗೆ ಚಳಿಜ್ವರ ಬಂದರೆ, ಎಲ್ಲಿ ಇದ್ದು ಬಂದಿರಿ ಎಂಬುದನ್ನು ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಮೊದಲು ಹೇಳಿ. ರಕ್ತಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ವೈವಾಕ್ಸ್ ಎಂದಾದರೆ ಜ್ವರ ಬಿಟ್ಟರೂ ಪ್ರಿಮಾಕ್ವಿನ್ ಅನ್ನು 14 ದಿನ ಪೂರ್ತಿ ನುಂಗಿ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಕೂಸುಗಳಿಗೆ ಅದನ್ನು ಕೊಡುವಂತಿಲ್ಲ. ಮಾತ್ರೆ ಶುರುವಾದ ಮೇಲೆ ಮೂತ್ರ ಕಪ್ಪುಕೆಂಪಾದರೆ ಅಥವಾ ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.